ಕಾಸ್ಮೆಟಿಕ್ಸ್ ಲಾಂಚ್ ಡೇಟ್ ತಪ್ಪದ ಹಾಗೆ ಪ್ರಾಡಕ್ಟ್ ಡೆವಲಪ್‌ಮೆಂಟ್: ಪದೇ ಪದೇ ಕೇಳೋ ಪ್ರಶ್ನೆಗಳು

ಕ್ರೀಮು, ಸೀರಮ್ಮು, ಶಾಂಪೂ, ಲಿಪ್‌ಸ್ಟಿಕ್ಕು ಏನೇ ಇರ್ಲಿ, ಹೊಸ ಪ್ರಾಡಕ್ಟ್ ತರೋಕೆ ಹೊರಟವರು ಕೇಳೋ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತೆ. ಎಲ್ಲಾರ್ಗೂ ಬೇರೆ ಬೇರೆ ಮೇಲ್‌ನಲ್ಲಿ ಅದೇ ಉತ್ತರ ಬರೆಯೋ ಬದ್ಲು ಒಂದೇ ಕಡೆ ಹಾಕಿದೀನಿ, ನಿಮಗೆ ಬೇಕಾದ ಪ್ರಶ್ನೆಗೆ ಸೀದಾ ಹೋಗಿ ಓದಿ.

ಐಡಿಯಾದಿಂದ ಲಾಂಚ್ ತನಕ ಒಟ್ಟು ಎಷ್ಟು ಟೈಮ್ ಹಿಡಿಯುತ್ತೆ?

ಫಾರ್ಮುಲಾ ಹೊಸದು, ಬಾಟಲಿ ಮಾತ್ರ ಸಪ್ಲೈಯರ್ ಹತ್ರ ರೆಡಿ ಇರೋದು ಅಂದ್ರೆ ಸಾಮಾನ್ಯವಾಗಿ 9ರಿಂದ 12 ತಿಂಗಳು. ಬಾಟಲಿಗೂ ನಿಮ್ಮದೇ ಮೋಲ್ಡ್ (ಅಚ್ಚು) ಬೇಕು ಅಂದ್ರೆ ಒಂದು ವರ್ಷದ ಮೇಲೆ ಹೋಗುತ್ತೆ, ಒಂದೂವರೆ ವರ್ಷ ಆದ್ರೂ ಆಶ್ಚರ್ಯ ಇಲ್ಲ. ಮ್ಯಾನುಫ್ಯಾಕ್ಚರರ್ ಹತ್ರ ಆಗಲೇ ಟೆಸ್ಟ್ ಆಗಿರೋ ಫಾರ್ಮುಲಾ ತಗೊಂಡು, ಅವರದೇ ಬಾಟಲಿಗೆ ನಿಮ್ಮ ಲೇಬಲ್ ಅಂಟಿಸೋ ಪ್ರೈವೇಟ್ ಲೇಬಲ್ ಆದ್ರೆ 3-4 ತಿಂಗಳಲ್ಲೂ ಮುಗಿಸಬಹುದು. "ಪಕ್ಕದ ಬ್ರ್ಯಾಂಡ್‌ನವರು 3 ತಿಂಗಳಲ್ಲಿ ಮಾಡಿದ್ರಂತೆ" ಅಂತ ಯಾರಾದ್ರೂ ಹೇಳಿದ್ರೆ ಬಹುಪಾಲು ಈ ಕೊನೇ ಥರದ್ದೇ ಆಗಿರುತ್ತೆ.

ಲಾಂಚ್ ಡೇಟ್ ಫಿಕ್ಸ್ ಆಗಿದೆ, ವರ್ಷ ಟೈಮ್ ಇದೆ. ಆರಾಮಾಗಿ ಶುರು ಮಾಡಬಹುದಾ?

ಇಲ್ಲ. ಡೇಟ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಿ, ಆರಾಮ ಎಲ್ಲಿ ಹೋಯ್ತು ಅಂತ ಗೊತ್ತಾಗುತ್ತೆ. ಲಾಂಚ್ 52ನೇ ವಾರ ಅಂತ ಇಟ್ಕೊಳ್ಳಿ. ಅಂಗಡಿಗಳಿಗೆ, ಆನ್‌ಲೈನ್ ಗೋಡೌನ್‌ಗಳಿಗೆ ಮಾಲು ಹಂಚೋಕೆ 6 ವಾರ ಬೇಕು, ಅಂದ್ರೆ 46ನೇ ವಾರಕ್ಕೆ ಸ್ಟಾಕ್ ಕೈಲಿರಬೇಕು. ಬ್ಯಾಚ್ ಮಾಡಿ, ತುಂಬಿಸಿ, ಮೈಕ್ರೋ ರಿಪೋರ್ಟ್ (ಮಾಲಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಇದ್ಯಾ ಅಂತ ನೋಡಿದ ಲ್ಯಾಬ್ ರಿಪೋರ್ಟ್) ಬಂದು ರಿಲೀಸ್ ಆಗೋಕೆ 4 ವಾರ, ಹಾಗಾಗಿ 42ನೇ ವಾರಕ್ಕೆ ಕಚ್ಚಾ ಸಾಮಾನು, ಪ್ರಿಂಟ್ ಆದ ಬಾಟಲಿ, ಡಬ್ಬಿ ಎಲ್ಲಾ ಫ್ಯಾಕ್ಟರಿ ಒಳಗೆ ಬಂದಿರಬೇಕು. ಪ್ರಿಂಟ್ ಆದ ಪ್ಯಾಕೇಜಿಂಗ್‌ಗೆ 12 ವಾರ ಕಳೀರಿ, 30ನೇ ವಾರಕ್ಕೆ ಆರ್ಟ್‌ವರ್ಕ್ ಕೊಟ್ಟಾಗಿರಬೇಕು. ಆರ್ಟ್‌ವರ್ಕ್ ಮಾಡಿ ಚೆಕ್ ಮಾಡೋಕೆ 4 ವಾರ, ಅಂದ್ರೆ 26ನೇ ವಾರಕ್ಕೆ ಫಾರ್ಮುಲಾ ಪಕ್ಕಾ. ಅದಕ್ಕಿಂತ ಮುಂಚೆ 12 ವಾರದ ಸ್ಟೆಬಿಲಿಟಿ (ಪ್ರಾಡಕ್ಟ್ ಕೆಡದೇ ನಿಲ್ಲುತ್ತಾ ಅಂತ ನೋಡೋ ಟೆಸ್ಟ್) ಮುಗಿದಿರಬೇಕು, ಹಾಗಾದ್ರೆ ಅದು ಶುರುವಾಗಬೇಕಿದ್ದದ್ದು 14ನೇ ವಾರ.

ಅಂದ್ರೆ ವರ್ಷ ಇದೆ ಅಂದ್ಕೊಂಡವರಿಗೆ ಸ್ಯಾಂಪಲ್ ನೋಡಿ, ಮೂಸಿ, ಅದು ಬೇಡ ಇದು ಬೇಕು ಅನ್ನೋಕೆ ಸಿಗೋದು ಮೊದಲ 3 ತಿಂಗಳು ಅಷ್ಟೇ. ಅದರಲ್ಲೂ ಇನ್ನೂ ಬ್ರೀಫ್ (ಎಂಥ ಪ್ರಾಡಕ್ಟ್ ಬೇಕು ಅಂತ ಲ್ಯಾಬ್‌ಗೆ ಕೊಡೋ ಬರಹ) ಬರೆಯೋದು ಬಾಕಿ ಇದೆ! ಡಿಲೇ ಆಗೋದೆಲ್ಲಾ ಲ್ಯಾಬ್ ನಿಧಾನ ಆಗಿದ್ದಕ್ಕೆ ಅಂತ ಜನ ಅಂದ್ಕೋತಾರೆ, ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಈ ಮೊದಲ 3 ತಿಂಗಳಲ್ಲಿ ಆಗಬೇಕಿದ್ದ ತೀರ್ಮಾನ 6ನೇ ತಿಂಗಳಲ್ಲಿ ಆಗಿದ್ದಕ್ಕೇ ಆಗೋದು.

ಬ್ರೀಫ್‌ನಲ್ಲಿ ಏನೇನು ಇರಬೇಕು?

ಯಾರಿಗೆ, ಯಾವ ದೇಶಗಳಲ್ಲಿ ಮಾರಾಟ, ಯಾವ ಥರ ಪ್ಯಾಕ್, ಒಂದು ಪೀಸ್‌ಗೆ ತಡ್ಕೊಳ್ಳೋ ಖರ್ಚು, ಹಾಕಲೇಬೇಕಾದ ಆಕ್ಟಿವ್ (ಚರ್ಮ, ಕೂದಲ ಮೇಲೆ ನಿಜವಾಗಿ ಕೆಲಸ ಮಾಡೋ ಸಾಮಾನು), ಹಾಕಬಾರದ ಸಾಮಾನಿನ ಲಿಸ್ಟ್, ಲೇಬಲ್ ಮೇಲೆ ಏನು ಹೇಳ್ಕೋಬೇಕು ಅನ್ನೋ ಕ್ಲೇಮ್, ಮತ್ತೆ ಮುಟ್ಟಿ ಹೋಲಿಸಿ ನೋಡೋಕೆ ಒಂದು ಬೆಂಚ್‌ಮಾರ್ಕ್ ಪ್ರಾಡಕ್ಟ್. ದೇಶದ ವಿಷಯ ಮೊದಲೇ ಹೇಳಿಬಿಡಿ. ಒಂದು ಮಾರ್ಕೆಟ್‌ನಲ್ಲಿ ನಡೆಯೋ ಪ್ರಿಸರ್ವೇಟಿವ್ ಅಥವಾ ಸನ್ ಫಿಲ್ಟರ್ ಇನ್ನೊಂದು ಕಡೆ ನಡೆಯಲ್ಲ, ಸ್ಟೆಬಿಲಿಟಿ ಎಲ್ಲಾ ಮುಗಿದ ಮೇಲೆ "ಯುರೋಪ್‌ಗೂ ಕಳಿಸೋಣ" ಅಂದ್ರೆ ಫಾರ್ಮುಲಾನೇ ಬದಲಾಗಬಹುದು.

ಸ್ಯಾಂಪಲ್ ಮೇಲೆ ಸ್ಯಾಂಪಲ್ ಬರ್ತಾನೇ ಇದೆ, ಯಾವುದೂ ಓಕೆ ಆಗ್ತಿಲ್ಲ. ಏನ್ ಮಾಡೋದು?

ಮೊದಲು ಫೀಡ್‌ಬ್ಯಾಕ್ ಬರೆಯೋ ರೀತಿ ನೋಡ್ಕೊಳ್ಳಿ. "ಇನ್ನೂ ಸ್ವಲ್ಪ ಲಕ್ಷುರಿ ಫೀಲ್ ಬೇಕು" ಅಂದ್ರೆ ಕೆಮಿಸ್ಟ್ ಏನ್ ಮಾಡಬೇಕು ಪಾಪ? "ಹಚ್ಚಿದಾಗ ಚೆನ್ನಾಗಿದೆ, ಒಂದೆರಡು ನಿಮಿಷ ಆದ್ಮೇಲೆ ಅಂಟಂಟು ಉಳಿಯುತ್ತೆ, ಬೆಂಚ್‌ಮಾರ್ಕ್‌ನಲ್ಲಿ ಹಂಗಿಲ್ಲ" ಅಂದ್ರೆ ಅವರು ಗ್ಲಿಸರಿನ್ ಇಳಿಸ್ತಾರೋ, ಥಿಕನರ್ ಬದಲಾಯಿಸ್ತಾರೋ, ಏನೋ ಒಂದು ದಾರಿ ಹುಡುಕ್ತಾರೆ. ಒಂದು ರೌಂಡ್‌ಗೆ ಒಂದೇ ಕನ್ಸಾಲಿಡೇಟೆಡ್ ಫೀಡ್‌ಬ್ಯಾಕ್ ಕಳಿಸಿ, ಮಾರ್ಕೆಟಿಂಗ್‌ನವರು ಒಂದು ಹೇಳೋದು ಫೌಂಡರ್ ಇನ್ನೊಂದು ಹೇಳೋದು ಬೇಡ. ಮೂರ್ನಾಲ್ಕು ರೌಂಡ್ ಆದ್ರೂ ಒಪ್ಪಿಗೆ ಆಗ್ತಿಲ್ಲ ಅಂದ್ರೆ ಸ್ಯಾಂಪಲ್‌ನ ಬದಿಗಿಟ್ಟು ಬ್ರೀಫ್‌ನ ಇನ್ನೊಂದ್ಸಲ ಓದಿ, ಒಂದಕ್ಕೊಂದು ಆಗಿಬರದ ಬೇಡಿಕೆ ಎರಡು ಒಟ್ಟಿಗೆ ಕೂತಿರುತ್ತೆ, ಸಿಲಿಕೋನ್ ಬೇಡ ಆದ್ರೆ ಸಿಲಿಕೋನ್‌ನದ್ದೇ ಜಾರು ಬೇಕು ಅನ್ನೋ ಥರ.

ಸ್ಟೆಬಿಲಿಟಿ 12 ವಾರನೇ ಬೇಕಾ? 4 ವಾರಕ್ಕೆ ಮುಗಿಸೋಕೆ ಆಗಲ್ವಾ?

ಆಗಲ್ಲ, ಇದು ದುಡ್ಡು ಜಾಸ್ತಿ ಕೊಟ್ರೆ ಬೇಗ ಮುಗಿಯೋ ಕೆಲಸ ಅಲ್ಲ. ಸಾಮಾನ್ಯವಾಗಿ ಮಾಡೋದು ಹೀಗೆ: ಪ್ರಾಡಕ್ಟನ್ನ 40 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 3 ತಿಂಗಳು ಇಡ್ತಾರೆ, ಜೊತೆಗೆ ರೂಮ್ ಟೆಂಪರೇಚರ್‌ನಲ್ಲಿ, ಫ್ರಿಜ್‌ನಲ್ಲಿ, ಬಿಸಿಲು ಬೆಳಕಿನಲ್ಲಿ ಒಂದೊಂದು ಸೆಟ್. ಫ್ರೀಜ್ ಮಾಡಿ ಕರಗಿಸಿ ಮತ್ತೆ ಫ್ರೀಜ್ ಮಾಡೋ ಸೈಕಲ್ ಕೂಡ ಇರುತ್ತೆ. ಆಗಾಗ ತೆಗೆದು ಬಣ್ಣ, ವಾಸನೆ, ಪಿಎಚ್, ವಿಸ್ಕಾಸಿಟಿ (ಎಷ್ಟು ಗಟ್ಟಿ, ಎಷ್ಟು ತೆಳು), ಎಣ್ಣೆ ನೀರು ಬೇರೆ ಆಗಿದ್ಯಾ ಅಂತ ನೋಡ್ತಾರೆ. 40 ಡಿಗ್ರಿಯಲ್ಲಿ 3 ತಿಂಗಳು ಚೆನ್ನಾಗಿ ನಿಂತ್ರೆ ರೂಮಲ್ಲಿ ಇನ್ನೂ ತುಂಬಾ ಕಾಲ ನಿಲ್ಲುತ್ತೆ ಅನ್ನೋದು ಒಂದು ಅಂದಾಜು, ಅದಕ್ಕೇ ರೂಮ್ ಟೆಂಪರೇಚರ್ ಸ್ಟಡಿ ಲಾಂಚ್ ಆದ್ಮೇಲೂ ನಡೀತಾ ಇರುತ್ತೆ. ಹೌದು, ಆ ರೂಮ್ ಟೆಂಪರೇಚರ್ ಸ್ಟಡಿ ಪೂರ್ತಿ ಮುಗಿಯೋ ತನಕ ಕಾಯಬೇಕಾಗಿಲ್ಲ.

ಟೈಮ್ ಉಳಿಸೋಕೆ ಇರೋ ಒಳ್ಳೇ ದಾರಿ ಅಂದ್ರೆ ಮುಂಚೆನೇ ಸ್ಕ್ರೀನಿಂಗ್ ಮಾಡೋದು. ಸ್ಯಾಂಪಲ್ ರೌಂಡ್ ನಡೀತಿರುವಾಗಲೇ ಇಷ್ಟ ಆಗೋ ಹಾಗಿರೋ ಎರಡು ಮೂರು ವರ್ಷನ್‌ನ 45 ಅಥವಾ 50 ಡಿಗ್ರಿಯಲ್ಲಿ ಇಟ್ಟುಬಿಡಿ, ಸೆಂಟ್ರಿಫ್ಯೂಜ್ (ಮಷೀನ್‌ನಲ್ಲಿ ಜೋರಾಗಿ ತಿರುಗಿಸೋದು) ಮಾಡಿಸಿ. ಇದು ಸ್ಟೆಬಿಲಿಟಿ ರಿಪೋರ್ಟ್ ಅಲ್ಲ, ಆದ್ರೆ ಕೆಟ್ಟು ಹೋಗೋದು ಬೇಗ ಕೆಟ್ಟು ಹೋಗುತ್ತೆ, 10ನೇ ವಾರದಲ್ಲಿ ಎಮಲ್ಷನ್ (ಎಣ್ಣೆ ನೀರು ಬೆರೆತ ಮಿಶ್ರಣ) ಒಡೆದು ತಲೆ ಮೇಲೆ ಕೈ ಹೊತ್ತು ಕೂರೋದು ತಪ್ಪುತ್ತೆ.

ಚಾಲೆಂಜ್ ಟೆಸ್ಟ್ ಅಂದ್ರೇನು, ಅದಕ್ಕೆ ಎಷ್ಟು ದಿನ?

ಪ್ರಿಸರ್ವೇಟಿವ್ ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ನೋಡೋಕೆ ಬೇಕಂತಲೇ ಪ್ರಾಡಕ್ಟ್ ಒಳಗೆ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಹಾಕಿ ಅವು ಎಷ್ಟು ಬೇಗ ಸಾಯ್ತವೆ ಅಂತ ಎಣಿಸ್ತಾರೆ. ಐಎಸ್‌ಒ 11930 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಪ್ರಕಾರ 28 ದಿನದ ಟೆಸ್ಟ್, 7, 14, 28ನೇ ದಿನ ಎಣಿಕೆ. ಅದರ ಕಟ್ಟುನಿಟ್ಟಿನ ಎ ಕ್ರೈಟೀರಿಯಾ ಪಾಸಾಗಬೇಕಂದ್ರೆ 7 ದಿನದಲ್ಲೇ ಬ್ಯಾಕ್ಟೀರಿಯಾ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿರಬೇಕು. ಲ್ಯಾಬ್‌ನ ತಯಾರಿ, ರಿಪೋರ್ಟ್ ಎಲ್ಲಾ ಸೇರಿ 5-6 ವಾರ ಅಂತ ಪ್ಲಾನ್‌ನಲ್ಲಿ ಹಾಕಿ.

ಸ್ಟೆಬಿಲಿಟಿ ಜೊತೆಜೊತೆಗೇ ಇದನ್ನೂ ಶುರು ಮಾಡಿ, ಒಂದಾದ ಮೇಲೆ ಒಂದು ಅಂತ ಇಡಬೇಡಿ. ನೀರೇ ಇಲ್ಲದ ಬಾಮ್, ಎಣ್ಣೆ, ಲಿಪ್‌ಸ್ಟಿಕ್ ಥರದವು ಮೈಕ್ರೋಬಯಾಲಜಿ ದೃಷ್ಟಿಯಿಂದ ಕಡಿಮೆ ರಿಸ್ಕ್ ಅಂತ ಐಎಸ್‌ಒ 29621 ಪ್ರಕಾರ ತೋರಿಸೋಕೆ ಆದ್ರೆ ಈ ಟೆಸ್ಟ್ ಬೇಕಾಗದೇ ಇರಬಹುದು.

ಚಾಲೆಂಜ್ ಟೆಸ್ಟ್ ಫೇಲ್ ಆದ್ರೆ?

ಪ್ರಿಸರ್ವೇಟಿವ್ ಬದಲಾಯಿಸಿ ಅಥವಾ ಜಾಸ್ತಿ ಮಾಡಿ ಮತ್ತೆ ಮೊದಲಿಂದ 28 ದಿನ. "ನ್ಯಾಚುರಲ್ ಪ್ರಿಸರ್ವೇಟಿವ್ ಮಾತ್ರ" ಅಂತ ಬ್ರೀಫ್‌ನಲ್ಲಿ ಇದ್ರೆ ಈ ರಿಸ್ಕ್ ಜಾಸ್ತಿ. ಉದಾಹರಣೆಗೆ ಸೋಡಿಯಂ ಬೆಂಜೊಯೇಟ್, ಪೊಟ್ಯಾಶಿಯಂ ಸಾರ್ಬೇಟ್ ಎರಡೂ ಪಿಎಚ್ ಸುಮಾರು 5ರ ಆಸುಪಾಸು ಅಥವಾ ಕೆಳಗೆ ಇದ್ರೇನೇ ಸರಿಯಾಗಿ ಕೆಲಸ ಮಾಡೋದು, ಪಿಎಚ್ 6.5 ಇರೋ ಕ್ರೀಮ್‌ಗೆ ಅದನ್ನ ಹಾಕಿ ದೇವ್ರೇ ಕಾಪಾಡಪ್ಪ ಅಂತ ಕೂತ್ರೆ ಆಗಲ್ಲ. ನನ್ನ ಸಲಹೆ: ಇಂಥ ಪ್ರಾಜೆಕ್ಟ್‌ನಲ್ಲಿ ಎರಡು ಪ್ರಿಸರ್ವೇಟಿವ್ ಸಿಸ್ಟಮ್‌ನ ಒಟ್ಟಿಗೇ ಟೆಸ್ಟ್‌ಗೆ ಕಳಿಸಿ. ಒಂದು ಟೆಸ್ಟ್ ದುಡ್ಡು ಹೆಚ್ಚು ಹೋಗುತ್ತೆ, ಒಂದೂವರೆ ತಿಂಗಳು ಉಳಿಯುತ್ತೆ.

ಎಲ್ಲಾ ಓಕೆ ಆಗಿದೆ, ಸೆಂಟ್ ಮಾತ್ರ ಸ್ವಲ್ಪ ಬದಲಾಯಿಸೋಣ ಅಂತಿದಾರೆ. ಅದು ಸಣ್ಣ ಚೇಂಜ್ ತಾನೇ?

ಈ ಪ್ರಶ್ನೆ ಬಂದ ದಿನ ಪ್ಲಾನ್ ಫೈಲ್ ತೆಗೆದು ನೋಡೋಕೂ ಬೇಜಾರಾಗುತ್ತೆ. ಸೆಂಟು ಫಾರ್ಮುಲಾದಲ್ಲಿ ಅರ್ಧ ಪರ್ಸೆಂಟ್ ಇರಬಹುದು, ಆದ್ರೆ ಅದು ಮುಟ್ಟದ ಜಾಗ ಇಲ್ಲ. ಉಪ್ಪಿನಿಂದ ಗಟ್ಟಿ ಮಾಡಿರೋ ಶಾಂಪೂ ಅಥವಾ ಫೇಸ್ ವಾಶ್‌ಗೆ ಬೇರೆ ಸೆಂಟ್ ಹಾಕಿದ್ರೆ ಜೆಲ್ ಥರ ಇದ್ದದ್ದು ನೀರಿನ ಥರ ಆಗಿಬಿಡಬಹುದು, ಕೆಲವು ಸಲ ಉಲ್ಟಾ, ಗಟ್ಟಿಯಾಗಿ ಪಂಪ್‌ನಿಂದ ಬರೋದೇ ಇಲ್ಲ. ವ್ಯಾನಿಲ್ಲಿನ್ ಇರೋ ಸೆಂಟ್ ಆದ್ರೆ ಬಿಳೀ ಕ್ರೀಮ್ ದಿನ ಕಳೀತಾ ಹಳದಿ ಆಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಅದು ಮೊದಲ ದಿನ ಮೂಸಿ ನೋಡಿದವರಿಗೆ ಕಾಣಲ್ಲ, ಓವನ್‌ನಲ್ಲಿ ವಾರಗಳು ಕಳೆದ ಮೇಲೆ ಕಾಣೋದು. ಟ್ರಾನ್ಸ್‌ಪರೆಂಟ್ ಟೋನರ್‌ನಲ್ಲಿ ಸೆಂಟ್ ಸರಿಯಾಗಿ ಕರಗದೆ ಮಬ್ಬು ಮಬ್ಬಾಗುತ್ತೆ.

ಅದೂ ಸಾಲದು ಅಂತ ಲೇಬಲ್ ಬೇರೆ. ಯುರೋಪ್‌ನಲ್ಲಿ ಹಚ್ಚಿ ಬಿಡೋ ಪ್ರಾಡಕ್ಟ್‌ನಲ್ಲಿ 0.001%, ತೊಳೆಯೋ ಪ್ರಾಡಕ್ಟ್‌ನಲ್ಲಿ 0.01% ದಾಟಿದ ಸೆಂಟ್ ಅಲರ್ಜನ್‌ಗಳ ಹೆಸರು ಲೇಬಲ್ ಮೇಲೆ ಬರಬೇಕು. ಹಿಂದೆ ಆ ಲಿಸ್ಟ್‌ನಲ್ಲಿ 26 ಹೆಸರಿತ್ತು, 2023ರ ತಿದ್ದುಪಡಿಯಲ್ಲಿ 80ರ ಮೇಲೆ ಹೋಗಿದೆ, ಹೊಸ ಪ್ರಾಡಕ್ಟ್‌ಗಳಿಗೆ 31 ಜುಲೈ 2026 ಡೆಡ್‌ಲೈನ್. ಸೆಂಟ್ ಬದಲಾದ್ರೆ ಅಲರ್ಜನ್ ಲಿಸ್ಟ್ ಬದಲಾಗುತ್ತೆ, ಆರ್ಟ್‌ವರ್ಕ್ ಬದಲಾಗುತ್ತೆ, ಸೇಫ್ಟಿ ರಿಪೋರ್ಟ್ ಮತ್ತೆ ಬರೀಬೇಕು, ಸ್ಟೆಬಿಲಿಟಿ ಮತ್ತೆ ಇಡಬೇಕು. ಹಾಗಾಗಿ ಸೆಂಟ್‌ನ ಕೊನೆಗೆ ಆರಿಸೋ ಅಲಂಕಾರ ಅಂದ್ಕೋಬೇಡಿ, ಸ್ಟೆಬಿಲಿಟಿಗೆ ಹೋಗೋ ಸ್ಯಾಂಪಲ್‌ನಲ್ಲಿ ಫೈನಲ್ ಸೆಂಟ್, ಫೈನಲ್ ಬಣ್ಣ ಎರಡೂ ಇರಲೇಬೇಕು.

ಪ್ಯಾಕೇಜಿಂಗ್ ಯಾವಾಗ ಫಿಕ್ಸ್ ಮಾಡಬೇಕು? ಮೊದಲು ಫಾರ್ಮುಲಾ ಮುಗೀಲಿ ಅಂತ ಕಾದಿದೀವಿ.

ಕಾಯಬೇಡಿ. ಫಾರ್ಮುಲಾ ಕೆಲಸ ಶುರುವಾದ ವಾರವೇ ಪ್ಯಾಕ್ ಹುಡುಕೋದೂ ಶುರುವಾಗಬೇಕು, ಯಾಕಂದ್ರೆ ಇಡೀ ಪ್ಲಾನ್‌ನಲ್ಲಿ ಹೊರಗಿನವರ ಕೈಲಿರೋ ಅತಿ ಉದ್ದದ ಕೆಲಸ ಇದೇ. ಸಪ್ಲೈಯರ್ ಹತ್ರ ಇರೋ ಬಾಟಲಿಗೆ ಪ್ರಿಂಟ್ ಹಾಕಿಸೋಕೆ 8ರಿಂದ 12 ವಾರ, ಹಡಗಲ್ಲಿ ಬರಬೇಕು ಅಂದ್ರೆ ಆ ವಾರಗಳು ಬೇರೆ. ಹೊಸ ಮೋಲ್ಡ್ ಅಂದ್ರೆ ಡ್ರಾಯಿಂಗ್, ಪೈಲಟ್ ಮೋಲ್ಡ್, ಟ್ರಯಲ್, ತಿದ್ದುಪಡಿ ಅಂತ ಅದಕ್ಕೇ 4ರಿಂದ 6 ತಿಂಗಳು. ಚೀನಾದಿಂದ ಬರೋ ಪಂಪ್, ಕ್ಯಾಪ್ ಇದ್ರೆ ಅಲ್ಲಿನ ಹೊಸ ವರ್ಷದ ರಜೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತೆ, ಆಗ ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚಿರುತ್ತೆ, ಅದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಆರ್ಡರ್ ಹಾಕಿ ಲೈನ್ ತುಂಬಿರುತ್ತೆ.

ಮಿನಿಮಮ್ ಆರ್ಡರ್ ಎಷ್ಟು ಅಂತಲೂ ಮೊದಲೇ ಕೇಳಿ. ನಿಮಗೆ 2,000 ಪೀಸ್ ಬೇಕು, ಗಾಳಿ ಒಳಗೆ ಬರದ ಆ ಚಂದದ ಏರ್‌ಲೆಸ್ ಬಾಟಲಿ 10,000ಕ್ಕೆ ಕಮ್ಮಿ ಕೊಡಲ್ಲ ಅಂತ ಗೊತ್ತಾಗೋದು 7ನೇ ತಿಂಗಳಲ್ಲಿ ಆದ್ರೆ ಮತ್ತೆ ಬಾಟಲಿ ಹುಡುಕಾಟ, ಮತ್ತೆ ಕಂಪ್ಯಾಟಿಬಿಲಿಟಿ (ಫಾರ್ಮುಲಾ, ಬಾಟಲಿ ಒಂದಕ್ಕೊಂದು ಹೊಂದುತ್ತಾ ಅನ್ನೋ ಟೆಸ್ಟ್).

ಕಂಪ್ಯಾಟಿಬಿಲಿಟಿ ಅಂತ ಬೇರೆ ಟೆಸ್ಟ್ ಬೇಕಾ? ಗಾಜಿನ ಜಾರ್‌ನಲ್ಲಿ ಸ್ಟೆಬಿಲಿಟಿ ಪಾಸಾಗಿದೆಯಲ್ಲ?

ಗಾಜಿನಲ್ಲಿ ಪಾಸಾಗಿದ್ದು ಫಾರ್ಮುಲಾ. ನೀವು ಮಾರೋದು ಫಾರ್ಮುಲಾ ಪ್ಲಸ್ ಬಾಟಲಿ. ಎಸೆನ್ಶಿಯಲ್ ಆಯಿಲ್ ಜಾಸ್ತಿ ಇರೋದು ಕೆಲವು ಪ್ಲಾಸ್ಟಿಕ್‌ನ ತಿಂದು ಬಿರುಕು ಬಿಡಿಸುತ್ತೆ, ಡ್ರಾಪರ್‌ನ ರಬ್ಬರ್ ಉಬ್ಬಿಕೊಳ್ಳುತ್ತೆ, ಬಾಟಲಿ ಒಳಕ್ಕೆ ಸೊಟ್ಟಗಾಗುತ್ತೆ, ಪಂಪ್ ತುದೀಲಿ ಕ್ರೀಮ್ ಒಣಗಿ ಕಟ್ಟಿಕೊಳ್ಳುತ್ತೆ, ಪ್ರಿಂಟ್ ಮಾಡಿರೋ ಹೆಸರು ಎಣ್ಣೆ ಕೈಗೆ ಅಳಿಸಿ ಹೋಗುತ್ತೆ. ವಿಟಮಿನ್ ಸಿ ಸೀರಮ್‌ನಲ್ಲಿ ಆಸ್ಕಾರ್ಬಿಕ್ ಆಸಿಡ್ ಇದ್ರಂತೂ ಗಾಳಿ ತಾಗಿದಷ್ಟೂ ಹಳದಿ, ಆಮೇಲೆ ಕಿತ್ತಳೆ, ಅಲ್ಲಿ ಪ್ಯಾಕ್ ಆಯ್ಕೆನೇ ಅರ್ಧ ಸ್ಟೆಬಿಲಿಟಿ. ಅದಕ್ಕೇ ಗಾಜಿನಲ್ಲಿ ಒಂದು ಸೆಟ್, ನಿಜವಾದ ಪ್ಯಾಕ್‌ನಲ್ಲಿ ಒಂದು ಸೆಟ್, ಎರಡೂ ಒಂದೇ ದಿನ ಓವನ್‌ಗೆ ಹೋಗಲಿ. ಹೀಗೆ ಮಾಡಬೇಕಂದ್ರೆ 14ನೇ ವಾರಕ್ಕೆ ಪ್ಯಾಕ್ ಸ್ಯಾಂಪಲ್ ನಿಮ್ಮ ಕೈಲಿರಬೇಕು, ಮೇಲಿನ ಉತ್ತರಕ್ಕೂ ಇದಕ್ಕೂ ಸಂಬಂಧ ಅಲ್ಲೇ ಇರೋದು.

ಆರ್ಟ್‌ವರ್ಕ್ ಯಾಕೆ ಯಾವಾಗ್ಲೂ ಲೇಟ್ ಆಗುತ್ತೆ?

ಎಲ್ಲರ ಕೆಲಸ ಬಂದು ಸೇರೋ ಜಾಗ ಅದು. ಇಂಗ್ರೀಡಿಯೆಂಟ್ ಲಿಸ್ಟ್ ಫಾರ್ಮುಲಾದಿಂದ ಬರಬೇಕು (1% ಮೇಲಿರೋದೆಲ್ಲಾ ಇಳಿಕೆ ಕ್ರಮದಲ್ಲಿ, ಅದಕ್ಕಿಂತ ಕಮ್ಮಿ ಇರೋದು ಯಾವ ಕ್ರಮದಲ್ಲಿದ್ರೂ ನಡೆಯುತ್ತೆ), ಕ್ಲೇಮ್ ಟೆಸ್ಟ್ ರಿಪೋರ್ಟ್‌ನಿಂದ ಬರಬೇಕು, ಡಬ್ಬಿಯ ಅಳತೆ ಅದರ ಸಪ್ಲೈಯರ್‌ನಿಂದ, ವಿಳಾಸ, ವಾರ್ನಿಂಗ್ ಎಲ್ಲಾ ರೆಗ್ಯುಲೇಟರಿಯವರಿಂದ. ಡಿಸೈನ್ ಕೆಲಸ ಮುಂಚೆನೇ ಮುಗಿಸಿ, ಬರಹಕ್ಕೆ ಜಾಗ ಬಿಟ್ಟಿಡಿ. ಆಮೇಲೆ ಒಂದೇ ಶೀಟ್‌ನಲ್ಲಿ ಎಲ್ಲಾ ಬರಹ ಹಾಕಿ, ಅದಕ್ಕೆ ಸೈನ್ ಆದ ಮೇಲೇನೇ ಡಿಸೈನರ್‌ಗೆ ಕೊಡಿ. ವಾಟ್ಸಾಪ್‌ನಲ್ಲಿ ಒಂದೊಂದೇ ಸಾಲು ಕಳಿಸ್ತಾ ಹೋದ್ರೆ ಫೈನಲ್, ಫೈನಲ್ 2, ಫೈನಲ್ ಲಾಸ್ಟ್ ಅಂತ ಫೈಲ್‌ಗಳು ಹುಟ್ಟಿಕೊಂಡು ಕೊನೆಗೆ ಹಳೇದೇ ಪ್ರಿಂಟ್‌ಗೆ ಹೋಗುತ್ತೆ.

ಲ್ಯಾಬ್‌ನಲ್ಲಿ ಚೆನ್ನಾಗಿ ಬಂದದ್ದು ಫ್ಯಾಕ್ಟರೀಲಿ ಯಾಕೆ ಕೆಡುತ್ತೆ?

ಒಂದು ಕೆಜಿ ಬೀಕರ್ 20 ನಿಮಿಷದಲ್ಲಿ ತಣ್ಣಗಾಗುತ್ತೆ, 500 ಕೆಜಿ ಟ್ಯಾಂಕ್‌ಗೆ ಗಂಟೆಗಟ್ಟಲೆ ಬೇಕು. ಆ ನಿಧಾನದಲ್ಲಿ ವ್ಯಾಕ್ಸ್, ಫ್ಯಾಟಿ ಆಲ್ಕೋಹಾಲ್ ಬೇರೆ ಥರ ಸೆಟ್ ಆಗಿ ಕ್ರೀಮ್ ಗಂಟು ಗಂಟಾಗಬಹುದು, ತೆಳ್ಳಗಾಗಬಹುದು. ಮಿಕ್ಸರ್ ಬಲ ಬೇರೆ, ಜಾಸ್ತಿ ಹೊತ್ತು ಹೋಮೋಜಿನೈಸ್ ಮಾಡಿದ್ರೆ ಕಾರ್ಬೋಮರ್ ಅನ್ನೋ ಥಿಕನರ್‌ನ ಜೆಲ್ ತನ್ನ ಗಟ್ಟಿತನ ಕಳ್ಕೊಳ್ಳುತ್ತೆ. ಗಾಳಿ ಸೇರಿಕೊಂಡ್ರೆ ತೂಕ ಸರಿ ಇದ್ರೂ ಟ್ಯೂಬ್ ತುಂಬಿ ಹೊರಗೆ ಬರುತ್ತೆ. ಹಾಗಾಗಿ ಮಧ್ಯದಲ್ಲಿ 20-50 ಕೆಜಿ ಪೈಲಟ್ ಬ್ಯಾಚ್ ಒಂದು ಇರಲೇಬೇಕು, ಸಾಧ್ಯ ಆದ್ರೆ ಆ ಪೈಲಟ್ ಮಾಲನ್ನೇ ಸ್ಟೆಬಿಲಿಟಿಗೆ ಇಡಿ. ಟೈಮ್ ಇಲ್ಲ ಅಂತ ಪೈಲಟ್ ಬಿಡ್ತೀವಿ ಅಂದ್ರೆ ನಿಮ್ಮ ಮೊದಲ ದೊಡ್ಡ ಬ್ಯಾಚೇ ಪೈಲಟ್ ಆಗುತ್ತೆ, ಅಷ್ಟೂ ಕೆಜಿ ದುಡ್ಡಲ್ಲಿ.

"ಡರ್ಮಟಾಲಜಿಕಲಿ ಟೆಸ್ಟೆಡ್" ಥರದ ಕ್ಲೇಮ್‌ಗಳಿಗೆ ಎಷ್ಟು ಟೈಮ್ ಇಡಬೇಕು?

ಒಂದೇ ಪ್ಯಾಚ್ ಟೆಸ್ಟ್ (ಪ್ರಾಡಕ್ಟ್ ಹಾಕಿದ ಪಟ್ಟಿನ ಚರ್ಮಕ್ಕೆ ಅಂಟಿಸಿ ನೋಡೋದು) ಬೇಗ ಮುಗಿಯುತ್ತೆ. ಎಚ್‌ಆರ್‌ಐಪಿಟಿ ಅನ್ನೋ ರಿಪೀಟ್ ಪ್ಯಾಚ್ ಟೆಸ್ಟ್‌ಗೆ ಸುಮಾರು 6 ವಾರ: 3 ವಾರ ಪ್ಯಾಚ್ ಮೇಲೆ ಪ್ಯಾಚ್, ಸುಮಾರು 2 ವಾರ ಗ್ಯಾಪ್, ಆಮೇಲೆ ಕೊನೇ ಪ್ಯಾಚ್. "4 ವಾರದಲ್ಲಿ ಕಲೆ ಕಮ್ಮಿ" ಅಂತ ಬರೀಬೇಕು ಅಂದ್ರೆ ಕನಿಷ್ಠ 4 ವಾರ ಜನ ಬಳಸಲೇಬೇಕು ಅಲ್ವಾ, ಅದಕ್ಕೆ ಮುಂಚೆ ಜನ ಸೇರಿಸೋದು, ಆಮೇಲೆ ಡೇಟಾ ಲೆಕ್ಕ. ಆ ರಿಪೋರ್ಟ್ ಬರೋಕೆ ಮುಂಚೆ ಆ ಸಾಲು ಡಬ್ಬಿ ಮೇಲೆ ಪ್ರಿಂಟ್ ಆಗಬಾರದು. ಲೇಟ್ ಆಗುತ್ತೆ ಅನ್ಸಿದ್ರೆ ಡಬ್ಬಿ ಮೇಲೆ ಸರಳ ಕ್ಲೇಮ್ ಹಾಕಿ, ನಂಬರ್ ಇರೋ ಕ್ಲೇಮ್‌ನ ರಿಪೋರ್ಟ್ ಬಂದ್ಮೇಲೆ ವೆಬ್‌ಸೈಟ್‌ನಲ್ಲಿ ಹಾಕಿ.

ರೆಗ್ಯುಲೇಟರಿ ಕೆಲಸ ಕೊನೆಗೆ ಮಾಡಿದ್ರೆ ಆಗಲ್ವಾ?

ಕೊನೇಲಿ ಮಾಡೋದು ಅಂದ್ರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಯುರೋಪ್‌ನಲ್ಲಿ 1223/2009 ರೆಗ್ಯುಲೇಷನ್ ಪ್ರಕಾರ ಮಾರ್ಕೆಟ್‌ಗೆ ಬಿಡೋಕೆ ಮುಂಚೆನೇ ಸೇಫ್ಟಿ ರಿಪೋರ್ಟ್, ಪ್ರಾಡಕ್ಟ್ ಫೈಲ್, ಅಲ್ಲೇ ಇರೋ ರೆಸ್ಪಾನ್ಸಿಬಲ್ ಪರ್ಸನ್ (ಕಾನೂನಿನ ಮುಂದೆ ಪ್ರಾಡಕ್ಟ್‌ಗೆ ಹೊಣೆ ಹೊರೋರು), ಸಿಪಿಎನ್‌ಪಿ ನೋಟಿಫಿಕೇಷನ್ (ಯುರೋಪ್‌ನ ಆನ್‌ಲೈನ್ ಪೋರ್ಟಲ್‌ನಲ್ಲಿ ಪ್ರಾಡಕ್ಟ್ ಮಾಹಿತಿ ಕೊಡೋದು) ಎಲ್ಲಾ ಬೇಕು. ಸೇಫ್ಟಿ ಅಸೆಸರ್ ಕೇಳೋದು ಸ್ಟೆಬಿಲಿಟಿ, ಚಾಲೆಂಜ್ ಟೆಸ್ಟ್, ಒಂದೊಂದು ಕಚ್ಚಾ ಸಾಮಾನಿನ ಸ್ಪೆಕ್, ಸೆಂಟ್‌ನ ಇಫ್ರಾ (ಸೆಂಟ್ ಉದ್ಯಮದ ಅಂತರರಾಷ್ಟ್ರೀಯ ಸಂಘ) ಸರ್ಟಿಫಿಕೇಟ್. ಈ ಪೇಪರ್‌ಗಳನ್ನ ಸ್ಯಾಂಪಲ್ ತರಿಸೋವಾಗ್ಲೇ ಕೇಳಿ ಇಟ್ಕೊಳ್ಳಿ, ಕೊನೇಲಿ ಒಬ್ಬ ಸಪ್ಲೈಯರ್ ಉತ್ತರ ಕೊಡದೇ ಇಡೀ ಫೈಲ್ ನಿಂತಿರುತ್ತೆ. ಅಮೆರಿಕದಲ್ಲಿ 2022ರ ಕೊನೇಲಿ ಬಂದ ಮೊಕ್ರಾ ಅನ್ನೋ ಕಾಸ್ಮೆಟಿಕ್ಸ್ ಕಾನೂನಿನ ಪ್ರಕಾರ ಫ್ಯಾಕ್ಟರಿ ರಿಜಿಸ್ಟ್ರೇಷನ್, ಪ್ರಾಡಕ್ಟ್ ಲಿಸ್ಟಿಂಗ್ ಇದೆ, ಸಣ್ಣ ಬಿಸಿನೆಸ್‌ಗಳಿಗೆ ಕೆಲವು ವಿನಾಯಿತಿ ಬಿಟ್ರೆ.

ಸನ್‌ಸ್ಕ್ರೀನ್ ಆದ್ರೆ ಈ ಪೇಜ್‌ನ ಲೆಕ್ಕ ಮರೆತುಬಿಡಿ. ಅಮೆರಿಕದಲ್ಲಿ ಅದು ಓಟಿಸಿ ಡ್ರಗ್ (ಡಾಕ್ಟರ್ ಚೀಟಿ ಇಲ್ಲದೆ ಸಿಗೋ ಔಷಧಿ), ಎಸ್‌ಪಿಎಫ್ ಟೆಸ್ಟ್ ಜನರ ಮೇಲೆ ಮಾಡಬೇಕು, ಅಂದುಕೊಂಡ 50 ಬರದೇ 38 ಬಂದ್ರೆ ಫಾರ್ಮುಲಾ ಮತ್ತೆ ಮೊದಲಿಂದ.

ಬ್ಯಾಚ್ ರೆಡಿ, ಬಾಟಲಿ ತುಂಬಿದೆ. ಇವತ್ತೇ ಕಳಿಸಬಹುದಾ?

ಇಲ್ಲ, ಮೈಕ್ರೋ ರಿಪೋರ್ಟ್ ಬರೋ ತನಕ ಕ್ವಾರಂಟೈನ್. ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯೋಕೆ ದಿನಗಳು ಬೇಕೇ ಬೇಕು, ಒಂದು ವಾರ ಅಂತ ಇಟ್ಕೊಳ್ಳಿ. ಈ ಒಂದು ವಾರ ಎಷ್ಟೋ ಪ್ಲಾನ್‌ಗಳಲ್ಲಿ ಇರೋದೇ ಇಲ್ಲ.

ಪ್ಲಾನ್‌ನಲ್ಲಿ ಬಫರ್ ಎಲ್ಲಿ ಇಡಬೇಕು? ಯಾರು ನೋಡ್ಕೋಬೇಕು?

ಒಂದೊಂದು ಕೆಲಸಕ್ಕೂ ಒಂದೊಂದು ವಾರ ಸೇರಿಸಿದ್ರೆ ಆ ವಾರ ಹಾಗೇ ಕರಗಿ ಹೋಗುತ್ತೆ, ಟೈಮ್ ಇದೆ ಅಂತ ಗೊತ್ತಾದ್ರೆ ಎಲ್ಲರೂ ಅಷ್ಟೇ ಟೈಮ್ ತಗೋತಾರೆ. ನಾನು ಬಫರ್‌ನ ಎರಡೇ ಕಡೆ ಇಡ್ತೀನಿ: ಸ್ಟೆಬಿಲಿಟಿ ಮುಗಿದು ಪ್ಯಾಕೇಜಿಂಗ್ ಆರ್ಡರ್ ಹೋಗೋಕೆ ಮುಂಚೆ ಸ್ವಲ್ಪ, ಸ್ಟಾಕ್ ಗೋಡೌನ್ ಸೇರಿದ ಮೇಲೆ ಲಾಂಚ್‌ಗೆ ಮುಂಚೆ ಸ್ವಲ್ಪ. ಫಾರ್ಮುಲಾ, ಪ್ಯಾಕ್, ಬರಹ ಮೂರಕ್ಕೂ ಒಂದೊಂದು ಲಾಕ್ ಡೇಟ್ ಬರೆದಿಡಿ, ಪ್ರತಿಯೊಂದಕ್ಕೂ ಹೂಂ ಅನ್ನೋ ಅಧಿಕಾರ ಒಬ್ಬರಿಗೇ ಇರಲಿ. ಲಾಕ್ ಆದ ಮೇಲೆ ಯಾರಾದ್ರೂ ಚೇಂಜ್ ಕೇಳಿದ್ರೆ ಜಗಳ ಬೇಡ, "ಮಾಡಬಹುದು, ಲಾಂಚ್ 14 ವಾರ ಮುಂದಕ್ಕೆ ಹೋಗುತ್ತೆ, ಮೇಲ್‌ನಲ್ಲಿ ಓಕೆ ಹಾಕಿ" ಅಂತ ಬರೆದು ಕಳಿಸಿ. ಮುಕ್ಕಾಲು ಪಾಲು ಚೇಂಜ್‌ಗಳು ಅಲ್ಲಿಗೇ ನಿಲ್ಲುತ್ತೆ.

ಈಗಾಗಲೇ 6 ವಾರ ಲೇಟ್ ಆಗಿದೆ. ಏನು ಕಟ್ ಮಾಡಬಹುದು?

ಶೇಡ್, ಸೈಜ್ ಕಮ್ಮಿ ಮಾಡಿ, 6 ಶೇಡ್ ಬದಲು 3ರಲ್ಲಿ ಲಾಂಚ್ ಮಾಡಿ. ಬಾಟಲಿ ಮೇಲೆ ಪ್ರಿಂಟ್ ಬದಲು ಲೇಬಲ್ ಹಾಕಿ, ವಾರಗಳು ಉಳಿಯುತ್ತೆ. ಮೊದಲ ಲಾಟ್ ಪಂಪ್‌ನ ಹಡಗಿನ ಬದಲು ವಿಮಾನದಲ್ಲಿ ತರಿಸಿ, ಉಳಿದದ್ದು ನಿಧಾನಕ್ಕೆ ಬರಲಿ. ಎರಡು ಮಾರ್ಕೆಟ್ ಇದ್ರೆ ಪೇಪರ್ ರೆಡಿ ಇರೋ ಕಡೆ ಮೊದಲು ಬಿಡಿ. ಹೊರಗಿನ ಡಬ್ಬಿ ಬೇಕೇ ಬೇಕಾ ಅಂತಲೂ ಒಂದ್ಸಲ ಕೇಳ್ಕೊಳ್ಳಿ, ಆದ್ರೆ ಕಾನೂನು ಕೇಳೋ ಬರಹ ಎಲ್ಲಾ ಬಾಟಲಿ ಮೇಲೆ ಹಿಡಿಸಬೇಕು.

8ನೇ ವಾರದ ಸ್ಟೆಬಿಲಿಟಿ ಚೆನ್ನಾಗಿದ್ರೆ ರಿಸ್ಕ್ ತಗೊಂಡು ಪ್ಯಾಕೇಜಿಂಗ್ ಆರ್ಡರ್ ಹಾಕೋರು ಇದಾರೆ. ಅದು ದುಡ್ಡಿನ ರಿಸ್ಕ್, ನಿಮ್ಮ ದುಡ್ಡು, ಲೆಕ್ಕ ಹಾಕಿ ಮಾಡಿ. ಆದ್ರೆ ಚಾಲೆಂಜ್ ಟೆಸ್ಟ್, ಮೈಕ್ರೋ ರಿಲೀಸ್, ಸೇಫ್ಟಿ ರಿಪೋರ್ಟ್ ಇವು ಮೂರನ್ನ ಬಿಟ್ಟು ಮಾಲು ಹೊರಗೆ ಕಳಿಸೋದು ಹಚ್ಕೊಳ್ಳೋರ ಚರ್ಮದ ಮೇಲಿನ ರಿಸ್ಕ್, ಅದನ್ನ ಯಾವ ಡೆಡ್‌ಲೈನ್‌ಗೂ ಮಾಡಬೇಡಿ. ಈ ಮೂರರಲ್ಲಿ ಒಂದು ಬಾಕಿ ಇದ್ದು ಡೇಟ್ ಹತ್ರ ಬಂದಿದ್ರೆ ಡೇಟ್ ಮುಂದಕ್ಕೆ ಹಾಕಿ, ಅದೂ ಜಾಹೀರಾತು, ಇನ್‌ಫ್ಲುಯೆನ್ಸರ್ ಬುಕಿಂಗ್ ಎಲ್ಲಾ ದುಡ್ಡು ಕಟ್ಟೋಕೆ ಮುಂಚೆ ಹೇಳಿಬಿಡಿ.